ಏಳೂ ಮುಕ್ಕಾಲರ ಬಸ್ಸಿಗೊಂದು ಕೂ

ನಾನು ನಿವೃತ್ತನಾದ ದಿನ ಶಾಲೆಯವರು ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಒಂದು ದಪ್ಪ ಇಂಗ್ಲಿಷ್ ನಿಘಂಟನ್ನೂ ಕೊಟ್ಟರು. ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದವನು ಇನ್ನು ಮೇಲಾದರೂ ಸ್ವಲ್ಪ ಇಂಗ್ಲಿಷ್ ಕಲಿಯಲಿ ಎಂಬ ಸದುದ್ದೇಶ ಇತ್ತೋ ಏನೋ. ಹಣ್ಣು ಎರಡು ದಿನಕ್ಕೆ ಖಾಲಿಯಾಯಿತು. ಶಾಲನ್ನು ಹೆಂಡತಿ ಮಡಿಸಿ ಕಪಾಟಿನಲ್ಲಿಟ್ಟಳು. ನಿಘಂಟು ಮಾತ್ರ ಮರುದಿನವೇ ಕೆಲಸಕ್ಕೆ ಸೇರಿತು. ನಮ್ಮ ಜಗಲಿಯ ಬಾಗಿಲಿಗೆ ಗಾಳಿ ಬಂದಾಗಲೆಲ್ಲ ಪಟಾರನೆ ಬಡಿದುಕೊಳ್ಳುವ ಚಾಳಿ. ಅದಕ್ಕೆ ಒತ್ತು ಕೊಡಲು ಅಷ್ಟು ಭಾರದ, ಅಷ್ಟು ಚೌಕಾಕಾರದ ವಸ್ತು ಮನೆಯಲ್ಲಿ ಬೇರೆ ಇರಲಿಲ್ಲ. ಹೀಗೆ ಆರು ವರ್ಷ ಅದು ಬಾಗಿಲು ಕಾಯಿತು.

ಅದನ್ನು ಅಲ್ಲಿಂದ ಎತ್ತಿಸಿದ್ದು ಕೊಪ್ಪದಲ್ಲಿರುವ ಮೊಮ್ಮಗಳು. ಏಳನೇ ಕ್ಲಾಸು. ದಿನಾ ಬಳಸುವ ಹತ್ತು ಇಂಗ್ಲಿಷ್ ಪದಗಳ ಮೂಲ ಹುಡುಕಿ ಬರೆಯಿರಿ ಎಂದು ಅವಳಿಗೆ ಶಾಲೆಯಲ್ಲಿ ಪ್ರಾಜೆಕ್ಟು ಕೊಟ್ಟಿದ್ದರು. ಒಂಬತ್ತು ಮುಗಿಸಿ ಹತ್ತನೆಯದಕ್ಕೆ ನನಗೆ ಫೋನು ಮಾಡಿದಳು.

"ಅಜ್ಜ, ಒಂದಾದ್ರೂ ಮನೆಯಲ್ಲಿ ದೊಡ್ಡೋರ ಹತ್ರ ಕೇಳಿ ಬರೀಬೇಕಂತೆ. ಬಸ್ ಎಲ್ಲಿಂದ ಬಂತು ಹೇಳಿ."

"ಬೇಗಾರಿಂದ ಬಂತು. ಏಳೂ ಮುಕ್ಕಾಲಿಗೆ."

"ತಮಾಷೆ ಬೇಡ ಅಜ್ಜ. ಬಸ್ ಅನ್ನೋ ಪದ. ನೀವು ಇಂಗ್ಲಿಷ್ ಮೇಷ್ಟ್ರಲ್ವಾ?"

ಮೇಷ್ಟ್ರು ಹೌದು. ಆದರೆ ಆ ಪದದಲ್ಲಿ ಹುಡುಕುವುದಕ್ಕೆ ಏನಾದರೂ ಇದೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ನೀವೇ ಹೇಳಿ, ನಿಮಗೆ ಅನ್ನಿಸಿದೆಯಾ? ಅದು ಬರುತ್ತದೆ, ಹತ್ತುತ್ತೇವೆ, ಇಳಿಯುತ್ತೇವೆ. ನಾಳೆ ಹೇಳ್ತೇನೆ ಎಂದು ಫೋನಿಟ್ಟು ಬಾಗಿಲಿನ ಬುಡದಿಂದ ನಿಘಂಟನ್ನು ಎತ್ತಿಕೊಂಡೆ. ಎತ್ತಿದ ಕೂಡಲೇ ಬಾಗಿಲು ಬಡಿದುಕೊಂಡಿತು. ಹೆಂಡತಿ ಒಳಗಿನಿಂದ, "ಎಂತ ಆಯ್ತು?" ಎಂದು ಕೂಗಿದಳು. ಓದ್ತಾ ಇದೀನಿ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ನಿಘಂಟಿನಲ್ಲಿ ಬಸ್ಸು ಸಿಕ್ಕಿತು. ಅದು ಪೂರ್ತಿ ಪದವೇ ಅಲ್ಲವಂತೆ, ಓಮ್ನಿಬಸ್ ಎಂಬುದರ ತುಂಡು. ಓಮ್ನಿಬಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ 'ಎಲ್ಲರಿಗೂ' ಎಂದು ಅರ್ಥ. ಬಹಳ ಹಿಂದೆ ಫ್ರಾನ್ಸಿನ ಒಂದು ಊರಿನಲ್ಲಿ ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿಗಳನ್ನು ಓಡಿಸಿದರು. ಅಲ್ಲಿಯವರೆಗೆ ಗಾಡಿ ಎಂದರೆ ಸ್ವಂತದ್ದು, ಇಲ್ಲವೇ ಬಾಡಿಗೆಗೆ ಗೊತ್ತು ಮಾಡಿದ್ದು. ಇದು ಹಾಗಲ್ಲ ಎಂದು ತೋರಿಸಲು 'ಎಲ್ಲರಿಗೂ ಇರುವ ಗಾಡಿ' ಎಂದು ಕರೆದರು. ಆ ಗಾಡಿ ನಿಲ್ಲುತ್ತಿದ್ದ ಕಡೆ ಒಬ್ಬ ಟೋಪಿ ಅಂಗಡಿಯವನ ಫಲಕದಲ್ಲಿ ಆ ಪದ ಇತ್ತು, ಅದರಿಂದಲೇ ಗಾಡಿಗೆ ಹೆಸರು ಬಂತು ಎಂದು ಒಂದು ಕಥೆಯೂ ಇದೆ. ಅದು ಕಟ್ಟುಕಥೆ ಎನ್ನುವವರೂ ಇದ್ದಾರೆ. ಆಮೇಲೆ ಜನಕ್ಕೆ ಅಷ್ಟುದ್ದ ಹೇಳಲು ಪುರುಸೊತ್ತಿಲ್ಲದೆ ಮುಂದಿನ ಭಾಗ ಬಿಟ್ಟು ಬಾಲವನ್ನು ಮಾತ್ರ ಇಟ್ಟುಕೊಂಡರು. ಎಲ್ಲರಿಗೂ ಎನ್ನುವುದರಲ್ಲಿ ಎಲ್ಲರೂ ಇಳಿದುಹೋಗಿ ಕೊನೆಯ 'ಗೂ' ಒಂದೇ ಸೀಟಿನಲ್ಲಿ ಕೂತಿದೆ ಎಂದುಕೊಳ್ಳಿ. ಅದಕ್ಕೇ ನಾವು ಬಸ್ಸು ಎನ್ನುವುದು.

ಇನ್ನೂ ಒಂದು ಗೊತ್ತಾಯಿತು. ಹೋದ ವರ್ಷ ತೋಟದ ಪಂಪಿನ ಪ್ಯಾನೆಲ್ಲು ಸುಟ್ಟಾಗ ಬಾಳಗಡಿಯಿಂದ ಬಂದ ಎಲೆಕ್ಟ್ರಿಷಿಯನ್ನು, "ಬಸ್‌ಬಾರ್ ಹೋಗಿದೆ ಸಾರ್" ಎಂದಿದ್ದ. ಬಸ್ಸಿಗೂ ನನ್ನ ಪಂಪಿಗೂ ಏನು ಸಂಬಂಧ ಎಂದು ಮನಸ್ಸಿನಲ್ಲೇ ನಕ್ಕಿದ್ದೆ. ಅದೂ ಇದೇ ಬಸ್ಸಂತೆ. ಎಲ್ಲ ವೈರುಗಳಿಗೂ ಕರೆಂಟು ಹಂಚುವ ಪಟ್ಟಿ, ಅದಕ್ಕೇ ಆ ಹೆಸರು. ಕಂಪ್ಯೂಟರಿನ ಒಳಗೂ ಒಂದು ಬಸ್ಸು ಓಡುತ್ತದಂತೆ. ಎಲೆಕ್ಟ್ರಿಷಿಯನ್ನು ಸರಿಯಾಗಿಯೇ ಹೇಳಿದ್ದ, ನಕ್ಕ ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ಬರೆದುಕೊಂಡಳು. ಅವಳ ಕೆಲಸ ಮುಗಿಯಿತು. ನನ್ನದು ಮುಗಿಯಲಿಲ್ಲ. ಎಲ್ಲರಿಗೂ ಎಂಬ ಆ ಅರ್ಥ ನಾಲ್ಕೈದು ದಿನ ತಲೆಯಲ್ಲಿ ಕೂತು ಕೊರೆಯಿತು. ಯಾಕೆಂದರೆ ಇಪ್ಪತ್ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ, ನಮ್ಮೂರಿನ ಬಸ್ಸು ಒಬ್ಬಳನ್ನು ಬಿಟ್ಟುಹೋಗುವಂತೆ ಮಾಡಿದವನು ನಾನು. ಅದು ಅವಳಿಗೆ ಗೊತ್ತಿರಲಿಲ್ಲ. ಹೆಂಡತಿಗೂ ನಾನು ಹೇಳಿರಲಿಲ್ಲ.

ಅದನ್ನು ಹೇಳುವ ಮೊದಲು ನಮ್ಮ ಬಸ್ಸಿನ ವಿಷಯ ಸ್ವಲ್ಪ ಹೇಳಬೇಕು. ಬೇಗಾರಿನ ಕಡೆಯಿಂದ ಹೊರಟು ಶೃಂಗೇರಿ, ಕೊಪ್ಪ ಹಾದು ನರಸಿಂಹರಾಜಪುರಕ್ಕೆ ಹೋಗುವ ಖಾಸಗಿ ಬಸ್ಸು ಅದು. ಅದಕ್ಕೆ ಹಣೆಯ ಮೇಲೆ ಬಣ್ಣದಲ್ಲಿ ಬರೆದ ಹೆಸರೊಂದು ಇದೆ. ಆ ಹೆಸರಿನಿಂದ ಅದನ್ನು ಯಾರೂ ಕರೆದದ್ದು ನಾನು ಕೇಳಿಲ್ಲ. ಏಳೂ ಮುಕ್ಕಾಲರ ಬಸ್ಸು, ಅಷ್ಟೇ. ನಮ್ಮ ಕ್ರಾಸಿಗೆ ಅದು ಬರುವ ಸಮಯ ಅದು. ಬರಬೇಕಾದ ಸಮಯ ಎಂದು ತಿದ್ದಿಕೊಳ್ಳಿ.

ನಾನು ಮೊದಲ ಸಲ ಅದರಲ್ಲಿ ಒಬ್ಬನೇ ಹೋದದ್ದು ಏಳು ವರ್ಷದವನಿದ್ದಾಗ. ಎನ್.ಆರ್.ಪುರದಲ್ಲಿ ಸೋದರಮಾವನ ಮನೆ. ಅಪ್ಪಯ್ಯ ನನ್ನನ್ನೂ ಗೋಣಿಯಲ್ಲಿ ಕಟ್ಟಿದ ಒಂದು ಹಲಸಿನಹಣ್ಣನ್ನೂ ಕಂಡಕ್ಟರಿಗೆ ಒಪ್ಪಿಸಿ, "ಎರಡನ್ನೂ ಎನ್.ಆರ್.ಪುರದಲ್ಲಿ ಇಳಿಸು ಮಾರಾಯ, ಭಾವ ಬಂದಿರ್ತಾನೆ" ಎಂದರು. ನನ್ನನ್ನು ಡ್ರೈವರಿನ ಪಕ್ಕದ ಬಾನೆಟ್ಟಿನ ಮೇಲೆ ಕೂರಿಸಿದರು. ಅಡಿಯಲ್ಲಿ ಇಂಜಿನ್ನು ಬಿಸಿ, ಮೂಗಿಗೆ ಡೀಸೆಲ್ ವಾಸನೆ, ಕೈಯಲ್ಲಿ ವಾಂತಿ ಬಾರದಿರಲೆಂದು ಅಮ್ಮ ಕೊಟ್ಟ ನಿಂಬೆಹಣ್ಣು. ಅದನ್ನು ಮೂಸುತ್ತಾ ಮೂಸುತ್ತಾ ನಿದ್ದೆ ಹೋದೆ. ಎನ್.ಆರ್.ಪುರ ಬಂತು. ಹಲಸಿನಹಣ್ಣನ್ನು ಜ್ಞಾಪಕವಾಗಿ ಇಳಿಸಿದರು, ನಾನು ಬಾನೆಟ್ಟಿನ ಮೇಲೇ ಇದ್ದೆ. ಮಾವ ಹಣ್ಣನ್ನು ನೋಡಿ, "ಮಾಣಿ ಎಲ್ಲಿ?" ಎಂದು ಕೇಳಿದ ಮೇಲೆ ನನ್ನನ್ನು ಎಬ್ಬಿಸಿದ್ದು. ಮಾವ ಮುಂದೆ ಎಷ್ಟೋ ವರ್ಷ ಆ ಕಥೆಯನ್ನು ಹೇಳಿ ನಗುತ್ತಿದ್ದ, ಹೇಳಿದಾಗಲೆಲ್ಲ ಹಣ್ಣು ಸ್ವಲ್ಪ ದೊಡ್ಡದಾಗುತ್ತಿತ್ತು.

ನಮ್ಮ ಕಡೆ ಮನೆಗಳು ರಸ್ತೆಯ ಮೇಲಿರುವುದಿಲ್ಲ. ಒಂದು ಗುಡ್ಡದ ಆಚೆ, ಇನ್ನೊಂದು ಹಳ್ಳದ ಕೆಳಗೆ. ಮನೆಯಿಂದ ಕ್ರಾಸಿಗೆ ಬರಲು ಕೆಲವರಿಗೆ ಐದು ನಿಮಿಷ, ಕೆಲವರಿಗೆ ಕಾಲು ಗಂಟೆ. ಹಾಗಾಗಿ ಯಾರೂ ಮುಂಚೆ ಬಂದು ರಸ್ತೆಯಲ್ಲಿ ಕಾಯುತ್ತಿರಲಿಲ್ಲ. ಬಸ್ಸು ಮೇಲಿನ ತಿರುವಿನಲ್ಲಿ ಉದ್ದಕ್ಕೆ ಹಾರನ್ನು ಹೊಡೆಯುತ್ತಿತ್ತು. ಹೋಗುವವರು ಇದ್ದಲ್ಲಿಂದಲೇ ಗಟ್ಟಿಯಾಗಿ, "ಕೂ" ಎಂದು ಕೂಗುತ್ತಿದ್ದರು. ಕೂ ಕೇಳಿದರೆ ಬಸ್ಸು ನಿಲ್ಲಬೇಕು, ಕೂಗಿದವರು ಬರುವವರೆಗೆ ಕಾಯಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಗಟ್ಟಿಯಾಗಿ ಕೂಗಲು ಆಗದ ಮುದುಕರಿಗೆ ಪಕ್ಕದ ಮನೆಯವರು ಕೂ ಹಾಕುತ್ತಿದ್ದರು.

ನಾನು ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಕಂಡಕ್ಟರಾಗಿದ್ದವನು ಕೊಪ್ಪದ ಹನೀಫ್. ಅವನಿಗೆ ಎಲ್ಲರ ಕೂ ಗೊತ್ತಿತ್ತು. "ಇದು ಮೇಲಿನ ಮನೆ ಹೆಗ್ಡೇರದ್ದು, ನಾಲ್ಕು ನಿಮಿಷ ಸಾಕು. ಇದು ಹಳ್ಳದ ಮನೆ ಅಮ್ಮಂದು, ಮಂಡಿನೋವು, ಹತ್ತು ನಿಮಿಷ ಬೇಕು" ಎಂದು ಡ್ರೈವರಿಗೆ ಹೇಳುತ್ತಿದ್ದ. ಡ್ರೈವರು ಇಂಜಿನ್ನು ಆಫ್ ಮಾಡಿ ಕೆಳಗಿಳಿದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಒಳಗಿದ್ದವರು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಮಾತು ಅರ್ಧದಲ್ಲಿದ್ದವರಿಗೆ ಮುಗಿಸಲು ಸಮಯ ಸಿಗುತ್ತಿತ್ತು. ಹನೀಫನ ಹತ್ತಿರ ರಿಪೇರಿಗೆ ಕೊಟ್ಟ ಕನ್ನಡಕ, ಕೊಪ್ಪದ ಔಷಧಿ ಅಂಗಡಿಯ ಪೊಟ್ಟಣ, ಯಾರದೋ ಮಗಳ ಜಾತಕ, ಎಲ್ಲವೂ ಇರುತ್ತಿದ್ದವು. ಒಮ್ಮೆ ಮೆಣಸೆ ಊರಿನಲ್ಲಿರುವ ನನ್ನ ಅಕ್ಕ ಕಳಿಸಿದ್ದ ಮಾವಿನಮಿಡಿ ಉಪ್ಪಿನಕಾಯಿಯ ಭರಣಿಯನ್ನು ಅವನು ಬೇರೆ ಮನೆಗೆ ಕೊಟ್ಟುಬಿಟ್ಟಿದ್ದ. ಗೊತ್ತಾಗುವಷ್ಟರಲ್ಲಿ ಅವರು ಅರ್ಧ ತಿಂದಿದ್ದರು. ಉಳಿದದ್ದನ್ನು ಕಳಿಸಿದರು, ಉಪ್ಪು ಸ್ವಲ್ಪ ಕಮ್ಮಿಯಾಗಿದೆ ಎಂಬ ಮಾತನ್ನೂ ಹನೀಫನ ಕೈಯಲ್ಲೇ ಕಳಿಸಿದರು.

ಇದೆಲ್ಲ ಈಗ ಹೇಳಲು ಚೆಂದ. ಆಗ ನನಗೆ ಇದರಿಂದ ತಲೆ ಚಿಟ್ಟು ಹಿಡಿದಿತ್ತು. ನನ್ನ ಶಾಲೆ ಇದ್ದದ್ದು ಕೊಪ್ಪದ ಹತ್ತಿರ. ಪ್ರಾರ್ಥನೆ ಒಂಬತ್ತೂ ಮುಕ್ಕಾಲಿಗೆ. ಬಸ್ಸು ಎಲ್ಲೂ ಕಾಯದೆ ಹೋದರೆ ಅರ್ಧ ಗಂಟೆ ಮುಂಚೆ ತಲುಪಬಹುದು. ನಾಲ್ಕು ಕೂ ಬಿದ್ದ ದಿನ ಪ್ರಾರ್ಥನೆ ಶುರುವಾಗಿರುತ್ತಿತ್ತು. ಮಕ್ಕಳೆಲ್ಲ ಸಾಲಾಗಿ ನಿಂತಿರುವಾಗ ಮೇಷ್ಟ್ರು ಕೊಡೆ ಹಿಡಿದುಕೊಂಡು ಗೇಟಿನಿಂದ ಓಡಿಬರುವುದನ್ನು ಯೋಚಿಸಿ. ಹೆಡ್‌ಮಾಸ್ಟರು ಏನೂ ಅನ್ನುತ್ತಿರಲಿಲ್ಲ, ಗೋಡೆ ಗಡಿಯಾರದ ಕಡೆ ಒಮ್ಮೆ ನೋಡುತ್ತಿದ್ದರು. ತಡವಾಗಿ ಬಂದ ಹುಡುಗರಿಗೆ ನಾನು ಬೈಯುವಾಗ ಹಿಂದಿನ ಬೆಂಚಿನವರು ಮುಸಿಮುಸಿ ನಗುತ್ತಿದ್ದರು. ನನಗೆ ಮಾನ ಹೋದಂತಾಗುತ್ತಿತ್ತು.

ಒಂದು ಭಾನುವಾರ ಕೂತು ಬಸ್ಸಿನ ಮಾಲೀಕರಿಗೆ ಕಾಗದ ಬರೆದೆ. ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆದರೆ ದೂರು ಅನ್ನಿಸುತ್ತದೆ, ಇಂಗ್ಲಿಷಿನಲ್ಲಿ ಬರೆದರೆ ಕಾನೂನು ಅನ್ನಿಸುತ್ತದೆ ಎಂಬ ಲೆಕ್ಕ. ಎರಡು ಪುಟ. ಸಮಯಪಾಲನೆ ಎಂಬರ್ಥದ ಪದವನ್ನು ನಾಲ್ಕು ಕಡೆ ಹಾಕಿದ್ದೆ. ಕಾಡಿನಲ್ಲಿ ಎಲ್ಲೋ ಇರುವ ಒಬ್ಬರ ಕೂಗಿಗೆ ಐವತ್ತು ಜನರನ್ನು ಕಾಯಿಸುವುದು ನಾಗರಿಕ ಪದ್ಧತಿಯಲ್ಲ ಎಂದು ಬರೆದೆ. ಬರೆದ ಮೇಲೆ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ, ಬಹಳ ಚೆನ್ನಾಗಿ ಬಂದಿತ್ತು. ಆದರೆ ಅಡಿಯಲ್ಲಿ ಹೆಸರು ಹಾಕುವ ಧೈರ್ಯ ಬರಲಿಲ್ಲ. 'ಒಬ್ಬ ಖಾಯಂ ಪ್ರಯಾಣಿಕ' ಎಂದು ಸಹಿ ಮಾಡಿ ಕೊಪ್ಪದ ಅಂಚೆಪೆಟ್ಟಿಗೆಗೆ ಹಾಕಿದೆ.

ಎರಡು ವಾರಕ್ಕೆ ಅದು ಕೆಲಸ ಮಾಡಿತು. ಒಂದು ಬೆಳಿಗ್ಗೆ ಹನೀಫ್ ಎಲ್ಲರಿಗೂ ಕೇಳುವಂತೆ ಹೇಳಿದ. "ನಾಳೆಯಿಂದ ರಸ್ತೆ ಮೇಲೆ ನಿಂತೋರಿಗೆ ಮಾತ್ರ ಬಸ್ಸು. ಕೂ ಗೀ ನಡೆಯಲ್ಲ ಅಂತ ಸಾಹುಕಾರ್ರು ಹೇಳಿದಾರೆ. ಯಾರೋ ದೊಡ್ಡೋರು ಇಂಗ್ಲಿಷಲ್ಲಿ ಬರ್ದಿದಾರಂತೆ."

"ಯಾರಪ್ಪ ಅದು?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಯಾರೋ ಎಸ್ಟೇಟಿನೋರು ಇರ್ಬೇಕು" ಎಂದು ನಾನೇ ಹೇಳಿದೆ. ಅಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಅಲ್ಲಿಂದ ಒಂದು ವಾರ ನಾನು ಪ್ರಾರ್ಥನೆಗೆ ಮುಂಚೆ ಶಾಲೆಯಲ್ಲಿದ್ದೆ. ಹೆಡ್‌ಮಾಸ್ಟರು ಗಡಿಯಾರ ನೋಡುವುದನ್ನು ಬಿಟ್ಟರು. ಆ ವಾರದ ಕೊನೆಗೆ ವಾರಿಜಳ ದಿನ ಬಂತು.

ವಾರಿಜ ಹಳ್ಳದ ಆಚೆಯ ಮನೆಯ ಸೊಸೆ. ಮದುವೆಯಾಗಿ ಎರಡು ವರ್ಷವಾಗಿತ್ತು. ತವರಿನಲ್ಲಿದ್ದಾಗ ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದಳು. ಬಾಳಗಡಿಯ ಒಂದು ಕಾಲೇಜಿನ ಆಫೀಸಿಗೆ ಟೈಪಿಸ್ಟ್ ಬೇಕೆಂದು ತಿಳಿದು ಅರ್ಜಿ ಹಾಕಿದ್ದಳು. ಸಂದರ್ಶನಕ್ಕೆ ಕರೆ ಬಂದಿತ್ತು. ಸೊಸೆ ಕೆಲಸಕ್ಕೆ ಹೋಗುವುದು ಅತ್ತೆಗೆ ಅಷ್ಟಾಗಿ ಇಷ್ಟವಿರಲಿಲ್ಲವಂತೆ, ಒಂದು ಸಲ ಹೋಗಿ ಬಾ ಎಂದು ಒಪ್ಪಿದ್ದರಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆ ಬೆಳಿಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಬಸ್ಸು ಕ್ರಾಸಿನಲ್ಲಿ ನಿಂತಿತು, ನಾನು ಹತ್ತಿದೆ, ಕಿಟಕಿಯ ಹತ್ತಿರ ಕೂತೆ. ಹಳ್ಳದ ಕಡೆಯಿಂದ ಒಂದು ಕೂ ಕೇಳಿತು. ಹೆಂಗಸಿನ ದನಿ, ತೆಳ್ಳಗಿನದು. ಇನ್ನೊಂದು ಸಲ ಕೇಳಿತು.

ಡ್ರೈವರು ಹಿಂದಕ್ಕೆ ತಿರುಗಿ ಹನೀಫನನ್ನು ನೋಡಿದ. ಹನೀಫ್ ನಮ್ಮನ್ನೆಲ್ಲ ನೋಡಿದ. ಯಾರಾದರೂ ಒಬ್ಬರು, "ತಡಿ ಮಾರಾಯ, ಎರಡು ನಿಮಿಷ" ಎಂದಿದ್ದರೆ ಸಾಕಿತ್ತು, ಅವನಿಗೂ ಅದೇ ಬೇಕಿತ್ತು ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಕೈಗಡಿಯಾರ ನೋಡಿಕೊಂಡೆ. ಹನೀಫ್ ಸೀಟಿ ಊದಿದ. ಬಸ್ಸು ಇಳಿಜಾರು ಇಳಿದು ಕೆಳಗಿನ ತಿರುವಿಗೆ ಬಂದಾಗ ಕಿಟಕಿಯಿಂದ ಮೇಲೆ ನೋಡಿದೆ. ಹಳದಿ ಸೀರೆಯ ಒಬ್ಬಳು ಕ್ರಾಸಿನಲ್ಲಿ ನಿಂತಿದ್ದಳು, ಎದೆಗೆ ಫೈಲೊಂದನ್ನು ಒತ್ತಿಕೊಂಡಿದ್ದಳು. ಆ ಬಸ್ಸು ಬಿಟ್ಟರೆ ಮುಂದಿನದು ಹನ್ನೊಂದು ಗಂಟೆಗೆ. ಅವತ್ತು ನಾನು ಶಾಲೆಗೆ ಇಪ್ಪತ್ತು ನಿಮಿಷ ಮುಂಚೆ ತಲುಪಿದೆ, ಸ್ಟಾಫ್‌ರೂಮಿನಲ್ಲಿ ಸುಮ್ಮನೆ ಕೂತಿದ್ದೆ.

ಆ ಕೆಲಸ ಬೇರೆಯವರಿಗೆ ಆಯಿತು. ವಾರಿಜ ಮತ್ತೆ ಎಲ್ಲಿಗೂ ಅರ್ಜಿ ಹಾಕಲಿಲ್ಲ. ಹೊಲಿಗೆ ಕಲಿತಳು. ಈಗ ನಮ್ಮೂರಿನ ಅರ್ಧ ಹೆಂಗಸರ ರವಿಕೆ ಅವಳು ಹೊಲಿದದ್ದೇ, ನನ್ನ ಹೆಂಡತಿಯದೂ ಸೇರಿ.

ನನ್ನ ಕಾನೂನು ಎಷ್ಟು ದಿನ ನಡೆಯಿತು ಎಂದು ನೀವು ಕೇಳಬಹುದು. ಒಂದೂವರೆ ತಿಂಗಳು. ಮಾಲೀಕರ ಚಿಕ್ಕಮ್ಮ ಒಬ್ಬರು ಬೇಗಾರಿನ ಹತ್ತಿರ ನೆಂಟರ ಮನೆಗೆ ಬಂದಿದ್ದರು. ವಾಪಸು ಹೊರಟ ದಿನ ಅವರೂ ಕೂ ಹಾಕಿದರು, ಬಸ್ಸು ಹೊರಟುಹೋಯಿತು. ಆ ಅಮ್ಮ ಸೊಂಟ ಹಿಡಿದುಕೊಂಡು ರಸ್ತೆಯಲ್ಲಿ ಮೂರು ಗಂಟೆ ಕೂತಿದ್ದರಂತೆ. ಮನೆಗೆ ಹೋಗಿ ಮಾಲೀಕರ ಮುಖಕ್ಕೆ ಸರಿಯಾಗಿ ಮಂಗಳಾರತಿ ಎತ್ತಿದರಂತೆ. ಮರುದಿನದಿಂದ ಬಸ್ಸು ಮೊದಲಿನ ಹಾಗೆ ಕಾಯತೊಡಗಿತು. ನನ್ನ ಎರಡು ಪುಟದ ಇಂಗ್ಲಿಷಿಗಿಂತ ಆ ಅಮ್ಮನ ಕನ್ನಡ ಗಟ್ಟಿಯಿತ್ತು.

ನಾನೂ ಮೊದಲಿನ ಹಾಗೆ ತಡವಾಗಿ ಹೋಗತೊಡಗಿದೆ. ಹತ್ತನೇ ಕ್ಲಾಸಿನ ಪಾಠದಲ್ಲಿ, ಒಳ್ಳೆಯ ಅವಕಾಶ ಕಳೆದುಕೊಂಡವರನ್ನು ಇಂಗ್ಲಿಷಿನವರು ಬಸ್ಸು ತಪ್ಪಿಸಿಕೊಂಡವರು ಎನ್ನುತ್ತಾರೆ ಎಂದು ಪ್ರತಿ ವರ್ಷ ಹೇಳಬೇಕಾಗುತ್ತಿತ್ತು. ಉದಾಹರಣೆ ಕೊಡಿ ಸಾರ್ ಎಂದು ಮಕ್ಕಳು ಕೇಳುತ್ತಿದ್ದರು. ಪುಸ್ತಕದಲ್ಲಿರುವುದನ್ನೇ ಓದಿ ಮುಂದಿನ ಪದಕ್ಕೆ ಹೋಗುತ್ತಿದ್ದೆ. ಅದಕ್ಕಿಂತ ಹೆಚ್ಚು ಏನೂ ಮಾಡಲಿಲ್ಲ.

ಈಗಿನ ವಿಷಯಕ್ಕೆ ಬರುತ್ತೇನೆ. ನಮ್ಮ ಬಸ್ಸಿಗೆ ಜನ ಕಡಿಮೆಯಾಗಿದ್ದಾರೆ. ಮನೆಗೊಂದು ಸ್ಕೂಟರು ಬಂದಿದೆ. ಶೃಂಗೇರಿಯವರೆಗೆ ಹೇಗೋ ಹೋಗಿಬಿಟ್ಟರೆ ಅಲ್ಲಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡದೆ ಹೋಗಬಹುದು. ಅವರನ್ನು ತಪ್ಪು ಎನ್ನುವ ಹಾಗಿಲ್ಲ. ಮಾಲೀಕರು ತೀರಿಕೊಂಡು ಮಗ ನೋಡಿಕೊಳ್ಳುತ್ತಿದ್ದಾನೆ, ಬೇಗಾರಿನ ಕಡೆಯ ಬೆಳಗಿನ ಟ್ರಿಪ್ಪು ನಿಲ್ಲಿಸುತ್ತಾನಂತೆ ಎಂದು ಸುದ್ದಿ ಬಂತು. ಸ್ಕೂಟರು ಬಿಡಲು ಬಾರದವರು, ಮಂಡಿನೋವಿನವರು, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು, ಇವರೆಲ್ಲ ಏನು ಮಾಡಬೇಕು? ಊರಿನವರು ಸೇರಿ ಒಂದು ಮನವಿ ಕೊಡುವುದೆಂದು ತೀರ್ಮಾನಿಸಿದರು. "ಬರೆಯೋದು ಮೇಷ್ಟ್ರೇ ಆಗ್ಬೇಕು, ಅವರಿಗೆ ಕೈ ಪಳಗಿದೆ" ಎಂದರು. ನನ್ನ ಕೈ ಎಷ್ಟು ಪಳಗಿದೆ ಎಂದು ಅವರಿಗೇನು ಗೊತ್ತು!

ಮೊಮ್ಮಗಳು ಪದದ ಮೂಲ ಕೇಳಿದ್ದು ಅದೇ ವಾರ. ಮನವಿಯನ್ನು ಕನ್ನಡದಲ್ಲೇ ಬರೆದೆ. ಹೆಸರನ್ನೂ ಮೊದಲ ಸಾಲಿನಲ್ಲೇ ಹಾಕಿದೆ. ಬಸ್ಸು ಎಂದರೆ ಎಲ್ಲರಿಗೂ ಎಂದು ಅರ್ಥ ಎಂಬುದನ್ನೂ ಒಂದು ಕಡೆ ಸೇರಿಸಿದ್ದೆ, ಮಾಲೀಕನಿಗೆ ಪಾಠ ಮಾಡಿದ ಹಾಗಾಗುತ್ತದೆಂದು ಹೊಡೆದುಹಾಕಿದೆ. ಆಮೇಲೆ ಮನೆ ಮನೆಗೆ ಹೋಗಿ ಸಹಿ ಹಾಕಿಸಿದೆ. ಕೊಟ್ಟಾಯಿತು, ಮಾಲೀಕರ ಮಗ ನೋಡೋಣ ಎಂದಿದ್ದಾನೆ, ಸದ್ಯಕ್ಕೆ ಬಸ್ಸು ಬರುತ್ತಿದೆ. ಆದರೆ ಸಹಿಗಾಗಿ ತಿರುಗುವಾಗ ಹಳ್ಳದ ಆಚೆಯ ಆ ಮನೆಯನ್ನು ಮಾತ್ರ ಕೊನೆಗೆ ಇಟ್ಟುಕೊಂಡಿದ್ದೆ. ಎರಡು ದಿನ ಆ ದಾರಿಯವರೆಗೆ ಹೋಗಿ ವಾಪಸು ಬಂದೆ. ಮನವಿಯಲ್ಲಿ ಊರಿನ ಎಲ್ಲರ ಹೆಸರಿದ್ದು ಅವಳದೊಂದು ಇಲ್ಲದಿದ್ದರೆ ಹೇಗೆ? ಅವಳ ಸಹಿ ಹಾಕಿಸಿಕೊಂಡು ಬಾಯಿ ಮುಚ್ಚಿಕೊಂಡು ಬಂದರೆ ಆಗ ನಾನು ಎಂಥವನು? ಮೂರನೆಯ ದಿನ ಹಳ್ಳಕ್ಕೆ ಅಡ್ಡ ಹಾಕಿದ ಮರದ ಸಂಕ ದಾಟಿದೆ.

ವಾರಿಜ ಜಗಲಿಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಅವಳ ಅತ್ತೆ ತೀರಿಹೋಗಿ ಕೆಲವು ವರ್ಷವಾಯಿತು. ಗಂಡ ತೋಟಕ್ಕೆ ಹೋಗಿದ್ದ.

"ಓ, ಮೇಷ್ಟ್ರು! ಬನ್ನಿ, ಕೂತ್ಕಳಿ. ಈ ತೋಳೊಂದು ಮುಗಿಸಿ ಕಾಫಿ ಮಾಡ್ತೆ. ಎಂತ, ಬಸ್ಸಿನ ಕಾಗದವಾ?"

"ಹೌದು. ಓದಿ ನೋಡು."

ಉಳಿದವರೆಲ್ಲ ಎಲ್ಲಿ ಸಹಿ ಹಾಕಬೇಕು ಎಂದಷ್ಟೇ ಕೇಳಿದ್ದರು. ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಒಂದು ಕಡೆ ಅಕ್ಷರ ಬಿಟ್ಟುಹೋಗಿದ್ದನ್ನು ತೋರಿಸಿದಳು. ಟೈಪಿಸ್ಟಿನ ಕಣ್ಣು. ಸೀಮೆಸುಣ್ಣ ಮೆತ್ತಿದ್ದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಗುಂಡಗಿನ ಅಕ್ಷರದಲ್ಲಿ ಸಹಿ ಹಾಕಿ ಕೊಟ್ಟಳು.

ಹಾಳೆಯನ್ನು ಮಡಿಸಲಿಲ್ಲ. ಹಾಗೇ ಹಿಡಿದುಕೊಂಡು ಹೇಳಿದೆ. "ವಾರಿಜಾ, ಕೂ ಹಾಕಿದ್ರೂ ಬಸ್ಸು ನಿಲ್ಲಬಾರದು ಅಂತ ಆಗಿತ್ತಲ್ಲ, ನಿನ್ನ ಸಂದರ್ಶನದ ವರ್ಷ. ಸಾಹುಕಾರ್ರಿಗೆ ಆ ಕಾಗದ ಬರ್ದೋನು ನಾನು."

ಅವಳಿಗೆ ತಕ್ಷಣ ಅರ್ಥವಾದಂತೆ ಕಾಣಲಿಲ್ಲ. ಮಿಷನ್ನಿನ ಚಕ್ರದ ಮೇಲೆ ಇಟ್ಟಿದ್ದ ಕೈ ಅಲ್ಲೇ ಇತ್ತು.

"ಎಸ್ಟೇಟಿನೋರು ಯಾರೋ ಬರ್ದದ್ದು ಅಂತಿದ್ರಲ್ಲ?"

"ಹಾಗಂತ ಹೇಳಿದ್ದೂ ನಾನೇ."

"ಅವತ್ತು ನೀವು ಬಸ್ಸಲ್ಲಿ ಇದ್ರಾ?"

"ಇದ್ದೆ."

"ನಾನು ಕರೆದದ್ದು ಕೇಳಿತ್ತಾ?"

"ಎರಡು ಸಲ ಕೇಳಿತ್ತು."

ಅವಳು ಕನ್ನಡಕ ತೆಗೆದು ಮಿಷನ್ನಿನ ಮೇಲಿಟ್ಟಳು.

"ಅವತ್ತು ಹೊರಡೂ ಮುಂಚೆ ಕನ್ನಡಿ ಎದುರು ನಿಂತಿದ್ದೆ ಮೇಷ್ಟ್ರೇ" ಎಂದಳು. "ಸೀರೆ ನೆರಿಗೆ ಸರಿ ಕೂರ್ಲಿಲ್ಲ ಅಂತ ಬಿಚ್ಚಿ ಮತ್ತೆ ಉಟ್ಟೆ. ಕೂ ಹಾಕಿದ್ರೆ ನಿಲ್ತದೆ ಅಂದ್ಕೊಂಡಿದ್ದೆ, ರೂಲು ಬದಲಾದದ್ದು ನಮ್ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ. ವಾಪಸ್ ಬಂದಾಗ ಅತ್ತೆ ಹೇಳಿದ್ರು, ಶೃಂಗಾರ ಮಾಡ್ಕೊಳ್ತಾ ಕೂತ್ರೆ ಬಸ್ಸು ಕಾಯ್ತದಾ ಅಂತ. ಹೌದು, ನಂದೇ ತಪ್ಪು ಅಂದ್ಕೊಂಡೆ. ಇಷ್ಟು ವರ್ಷ ಹಂಗೇ ಅಂದ್ಕೊಂಡಿದೀನಿ. ಈಗ್ಲೂ ಎಲ್ಲಿಗಾದ್ರೂ ಹೊರಡುವಾಗ ಕನ್ನಡಿ ನೋಡಿದ್ರೆ ಎದೆ ಹೊಡ್ಕೊಳ್ತದೆ. ಊರಿನೋರಿಗೆಲ್ಲ ರವಿಕೆ ಹೊಲ್ದು ಕೊಡ್ತೆ, ನಾನು ಕನ್ನಡಿ ನೋಡೂದಿಲ್ಲ."

ಕೆಲಸ ತಪ್ಪಿಸಿದ್ದೊಂದೇ ನಾನು ಮಾಡಿದ ಕೇಡು ಎಂದುಕೊಂಡಿದ್ದೆ. ನನಗೆ ತುಂಬಾ ನಾಚಿಕೆಯಾಯಿತು. ಅಳು ಬಂತು ಎಂದರೂ ತಪ್ಪಲ್ಲ.

"ತಪ್ಪಾಯ್ತು ವಾರಿಜಾ" ಎಂದೆ. ಹಾಳೆಯನ್ನೂ ಪೆನ್ನನ್ನೂ ಅವಳ ಮುಂದಿಟ್ಟೆ. "ಬೇಡ ಅಂತಿದ್ರೆ ಸೈನು ಹೊಡೆದುಹಾಕು. ನಾನು ಏನೂ ಅಂದ್ಕೊಳ್ಳೂದಿಲ್ಲ."

ಅವಳು ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು. ಹಾಳೆಯನ್ನು ಮಡಿಸಿ ನನ್ನ ಕೈಗೆ ವಾಪಸು ಕೊಟ್ಟಳು.

"ಎಂತಕ್ಕೆ ಹೊಡೀಬೇಕು? ಸೈನು ಹಾಕಿದ್ದು ಬಸ್ಸಿಗೆ. ನಿಮಗಲ್ಲ."

ನಾನು ಎದ್ದು ಚಪ್ಪಲಿ ಹಾಕಿಕೊಂಡೆ. ಮೆಟ್ಟಿಲು ಇಳಿದು ಅಂಗಳ ದಾಟುವಾಗ ಹಿಂದಿನಿಂದ ಅವಳ ದನಿ ಕೇಳಿತು.

"ಮೇಷ್ಟ್ರೇ, ಕಾಫಿಗೆ ಇನ್ನೊಂದು ದಿನ ಬನ್ನಿ. ಇವತ್ತು ನನ್ ಕೈಯಲ್ಲಿ ಆಗೂದಿಲ್ಲ."

ಆಗಲಿ ಎಂದೆ.